ಹದಿಹರೆಯದ ಮಕ್ಕಳ ಕುಡಿತ, ಗಾಂಜಾ: ಗದರುವ ಮೊದಲು ತಿಳಿಯಬೇಕಾದ್ದು, ಆಮೇಲೆ ಮಾಡಬೇಕಾದ್ದು

ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿ ಕಡೆಯ ತಂದೆತಾಯಂದಿರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ. ‘ಹುಡುಗನ ಬ್ಯಾಗಲ್ಲಿ ರೋಲಿಂಗ್ ಪೇಪರ್ ಸಿಕ್ತು, ಎಂತ ಮಾಡೋದು?’ ‘ರೂಮ್ ಮಾಡ್ಕೊಂಡು ಪಿಯುಸಿ ಓದ್ತಿರೋನು ಬಿಯರ್ ಕುಡಿಯೋ ಫೋಟೊ ಯಾರೋ ಕಳಿಸಿದ್ರು, ಓದು ಬಿಡಿಸಿ ಮನೆಗೆ ಕರ್ಕೊಂಡು ಬರೋದಾ?’ ‘ಮಗಳು ಹಾಸ್ಟೆಲಲ್ಲಿ ಸಿಗರೇಟು ಸೇದ್ತಾಳಂತೆ, ಯಾವುದಾದ್ರೂ ಸೆಂಟರಿಗೆ ಸೇರಿಸ್ಬೇಕಾ?’

ಈ ಪ್ರಶ್ನೆಗಳಿಗೆ ನೇರ ಉತ್ತರ ಕೊಡುವ ಮೊದಲು ನಾಲ್ಕು ವಿಷಯ ಗೊತ್ತಾಗಬೇಕು: ಯಾವ ವಸ್ತು, ಎಷ್ಟು, ಎಷ್ಟು ಸಲ, ಯಾತಕ್ಕಾಗಿ. ಕೊಡಚಾದ್ರಿಗೆ ಹೋದಾಗ ಗೆಳೆಯರ ಜೊತೆ ಒಂದು ಸಲ ಬಿಯರ್ ಕುಡಿದವನೂ, ರೂಮಿನಲ್ಲಿ ಒಬ್ಬನೇ ಕೂತು ದಿನಾ ರಾತ್ರಿ ಒಂದು ನೈಂಟಿ ಮುಗಿಸುವವನೂ ಒಂದೇ ಅಲ್ಲ. ಇಬ್ಬರಿಗೂ ಒಂದೇ ಹೊಡೆತ, ಒಂದೇ ಬೈಗುಳ ಬಿದ್ದರೆ ಮೊದಲನೆಯವನು ಸುಳ್ಳು ಹೇಳುವುದನ್ನು ಕಲಿಯುತ್ತಾನೆ, ಎರಡನೆಯವನಿಗೆ ಸಿಗಬೇಕಾದ ಚಿಕಿತ್ಸೆ ಸಿಗದೇ ಹೋಗುತ್ತದೆ.

ಹಾಗೆಂದು ‘ವಯಸ್ಸು, ಎಲ್ಲ ಹುಡುಗರೂ ಮಾಡ್ತಾರೆ’ ಎಂದು ಬಿಡುವ ವಿಷಯವೂ ಅಲ್ಲ. ಆಸೆಗೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಸುಮಾರು 25ನೇ ವಯಸ್ಸಿಗೆ. ಅಮೆರಿಕದಲ್ಲಿ 1992ರಲ್ಲಿ ನಡೆದ ದೊಡ್ಡ ಸಮೀಕ್ಷೆಯೊಂದರ ಪ್ರಕಾರ, 15 ತುಂಬುವ ಮೊದಲೇ ಕುಡಿತ ಶುರು ಮಾಡಿದವರಲ್ಲಿ ಶೇ 40ರಷ್ಟು ಮಂದಿ ಬದುಕಿನ ಯಾವುದೋ ಘಟ್ಟದಲ್ಲಿ ಮದ್ಯಕ್ಕೆ ದಾಸರಾಗಿದ್ದರು. 21ರ ಆಸುಪಾಸಿನಲ್ಲಿ ಶುರು ಮಾಡಿದವರಲ್ಲಿ ಈ ಪ್ರಮಾಣ ಶೇ 10ರಷ್ಟು. ಬೇಗ ಶುರುವಾದದ್ದೊಂದೇ ಇದಕ್ಕೆ ಕಾರಣ ಎನ್ನಲಾಗದು, ಮನೆಯ ಪರಿಸ್ಥಿತಿ, ವಂಶವಾಹಿ ಎಲ್ಲವೂ ಇರುತ್ತವೆ. ಆದರೂ ಶುರುವಾಗುವುದನ್ನು ಎರಡು ವರ್ಷ ಮುಂದೆ ಹಾಕಿಸಿದರೂ ಅದು ಲಾಭವೇ.

ಮೊದಲು ಇದನ್ನು ಓದಿ: ಒಂದು ಗಂಟೆಯೂ ಕಾಯಬಾರದ ಸಂದರ್ಭಗಳು

ಕುಡಿದು ಮಲಗಿದವನನ್ನು ಅಲುಗಾಡಿಸಿದರೂ ಏಳುತ್ತಿಲ್ಲ, ಉಸಿರು ನಿಮಿಷಕ್ಕೆ 8ಕ್ಕಿಂತ ಕಡಿಮೆ, ಎರಡು ಉಸಿರಿನ ನಡುವೆ 10 ಸೆಕೆಂಡಿಗಿಂತ ಹೆಚ್ಚು ಬಿಡುವು, ತುಟಿ ನೀಲಿ, ಮೈ ತಣ್ಣಗೆ: ಇವುಗಳಲ್ಲಿ ಒಂದಿದ್ದರೂ 108ಕ್ಕೆ ಫೋನ್ ಮಾಡಿ. ‘ಮಲಗಿ ಎದ್ರೆ ಸರಿಯಾಗ್ತಾನೆ’ ಎಂದು ಬಾಗಿಲು ಎಳೆದುಕೊಂಡು ಹೋಗಬೇಡಿ. ಹೊಟ್ಟೆಯಲ್ಲಿ ಉಳಿದ ಮದ್ಯ ಆಮೇಲೂ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಎಡಮಗ್ಗುಲಿಗೆ ಮಲಗಿಸಿ, ಮೇಲಿನ ಮೊಣಕಾಲು ಮಡಚಿ ಮುಂದಕ್ಕಿಡಿ, ಬಾಯಿ ನೆಲದ ಕಡೆ ಇರಲಿ. ಅಂಗಾತ ಮಲಗಿದವನು ವಾಂತಿ ಮಾಡಿಕೊಂಡರೆ ಅದು ಶ್ವಾಸನಾಳಕ್ಕೆ ಹೋಗಿ ಜೀವ ಹೋಗುತ್ತದೆ. ಉಪ್ಪುನೀರು, ನಿಂಬೆರಸ ಬಾಯಿಗೆ ಹಾಕಬೇಡಿ. ಆಂಬುಲೆನ್ಸ್ ಬರಲು ತಡವಾಗುವ ಒಂಟಿಮನೆಯಾದರೆ ಸಿಕ್ಕ ಜೀಪಿನಲ್ಲೇ ಹೊರಡಿ. ಒಬ್ಬರು ಹಿಂದೆ ಕೂತು ಅವನನ್ನು ಮಗ್ಗುಲಲ್ಲೇ ಹಿಡಿದಿರಲಿ.

ಕಳ್ಳಭಟ್ಟಿ ಕುಡಿದವನಿಗೆ ಮಾರನೇ ದಿನ ಕಣ್ಣು ಮಂಜಾದರೆ, ಎದುರಿಗೆಲ್ಲ ಬೆಳ್ಳಗೆ ಕಂಡರೆ ಅದು ಮೆಥನಾಲ್ ವಿಷ ಇರಬಹುದು. ತಕ್ಷಣ ಆಸ್ಪತ್ರೆಗೆ ಒಯ್ಯಿರಿ, ತಡವಾದರೆ ಕಣ್ಣು, ಜೀವ ಎರಡೂ ಹೋಗಬಹುದು.

ವೈಟ್ನರ್, ಥಿನ್ನರ್, ಪಂಚರ್ ಸಲ್ಯೂಷನ್ ಮೂಸುತ್ತಿರುವ ಹುಡುಗ ಕಣ್ಣಿಗೆ ಬಿದ್ದರೆ ಕೂಗಬೇಡಿ, ಅಟ್ಟಿಸಿಕೊಂಡು ಹೋಗಬೇಡಿ. ಆ ಆವಿ ಒಳಗಿದ್ದಾಗ ಗಾಬರಿಬಿದ್ದು ಓಡಿದರೆ ಹೃದಯದ ಬಡಿತ ತಪ್ಪಿ ಅಲ್ಲೇ ಕುಸಿಯುವುದುಂಟು. ಕಿಟಕಿ ತೆಗೆದು, ಮೆಲ್ಲಗೆ ಮಾತಾಡಿಸಿ, ಕೂರಿಸಿ.

ತಿಂಗಳುಗಟ್ಟಲೆ ದಿನಾ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದಲ್ಲಿ ಬುದ್ಧಿಭ್ರಮಣೆ ಆಗಬಹುದು. ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ. ‘ಸಾಯ್ತೀನಿ’ ಎಂಬ ಮಾತು ಬಂದರೆ ಅದನ್ನು ಹೆದರಿಸುವ ಮಾತೆಂದು ತಿಳಿಯದೆ ಅವತ್ತೇ ವೈದ್ಯರಿಗೆ ತೋರಿಸಿ.

ಹಂತ 1: ಮನೆಯಲ್ಲಿ ಮೊದಲು ಮಾಡಬೇಕಾದ್ದು

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮಗು ನಂಬುವ ಇನ್ನೊಬ್ಬ ದೊಡ್ಡವರನ್ನು, ಸೋದರಮಾವನೋ ಅತ್ತೆಯೋ ಮೇಷ್ಟ್ರೋ ಯಾರಾದರೂ ಒಬ್ಬರನ್ನು, ಮಾತ್ರ ಜೊತೆಗೆ ಸೇರಿಸಿಕೊಳ್ಳಿ. ಊರಿಗೆಲ್ಲ ಹೇಳಬೇಡಿ. ಫೋನಿನಲ್ಲಿ ಮೂರು ನಂಬರ್ ಹಾಕಿಕೊಳ್ಳಿ: ವ್ಯಸನಮುಕ್ತಿಗೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಕೆಲಸವನ್ನು ಮಲೆನಾಡಿನ ಮನೆಗಳಲ್ಲಿ ಬಹಳ ಮಂದಿ ಮಾಡುವುದಿಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ. ಸಿಕ್ಕಿಬಿದ್ದ ರಾತ್ರಿ, ಎಲ್ಲರೆದುರು ಅವಮಾನವಾದ ರಾತ್ರಿ, ಅದರಲ್ಲೂ ಹೊಟ್ಟೆಯಲ್ಲಿ ಮದ್ಯ ಇದ್ದಾಗ, ಹದಿನಾರು ಹದಿನೇಳರ ಮಗು ಎರಡು ನಿಮಿಷದ ಆವೇಶದಲ್ಲಿ ಜೀವ ಕಳೆದುಕೊಳ್ಳುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚು. ನಮ್ಮ ಮನೆಗಳ ಕೊಟ್ಟಿಗೆಯ ಮಾಡಿನಲ್ಲಿ, ಪಂಪ್‌ಸೆಟ್ ಮನೆಯಲ್ಲಿ ಕಳೆನಾಶಕ, ಕೀಟನಾಶಕ, ಮೈಲುತುತ್ತ ಕೈಗೆ ಸಿಗುವಂತೆ ಇರುತ್ತವೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ. ಮಾತಾಡಲು ಕೂರುವ ಮೊದಲೇ ಇವೆಲ್ಲ ಬೀಗದೊಳಗೆ ಹೋಗಬೇಕು, ಇಲ್ಲವೇ ಬೇರೆ ಮನೆ ಸೇರಬೇಕು. ತೋಟ ಕಾಯಲು ಲೈಸೆನ್ಸ್ ಕೋವಿ ಇದ್ದರೆ ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ, ಎರಡಕ್ಕೂ ಬೀಗ. ಅಜ್ಜ ಅಜ್ಜಿಯ ನಿದ್ದೆಮಾತ್ರೆ, ನೋವಿನ ಮಾತ್ರೆಗಳನ್ನೂ ಎಣಿಸಿ ಒಳಗಿಡಿ.

ಹಂತ 2: ಎರಡು ವಾರ ನೋಡಿ, ಬರೆದಿಡಿ

ತುರ್ತು ಇಲ್ಲದಿದ್ದರೆ ಎರಡು ವಾರ ಸುಮ್ಮನೆ ಗಮನಿಸಿ. ಬಾಗಿಲು ಹಾಕಿಕೊಳ್ಳುವುದು, ಎದುರು ಮಾತಾಡುವುದು, ತಡವಾಗಿ ಏಳುವುದು ಆ ವಯಸ್ಸಿನ ಸಹಜ ಗುಣಗಳು. ಇವನ್ನೇ ಹಿಡಿದು ಅನುಮಾನಪಟ್ಟರೆ ಏನೂ ಮಾಡದ ಮಗುವನ್ನೂ ದೂರ ಮಾಡಿಕೊಳ್ಳುತ್ತೀರಿ. ನೋಡಬೇಕಾದ್ದು ಬದಲಾವಣೆಯನ್ನು: ಮೊದಲು ಹೇಗಿದ್ದ, ಯಾವಾಗಿನಿಂದ ಬೇರೆಯಾದ. ತಾರೀಕು, ವಾರ, ಕಂಡದ್ದು, ಖರ್ಚಾದ ದುಡ್ಡು, ಅಷ್ಟೇ ಬರೆಯಿರಿ. ಶನಿವಾರ ರಾತ್ರಿಗಳಲ್ಲಿ ಮಾತ್ರವೇ, ಅಡಿಕೆ ಸುಲಿದ ಕೂಲಿ ಕೈಗೆ ಬಂದ ದಿನವೇ, ಪರೀಕ್ಷೆ ಹತ್ತಿರ ಬಂದಾಗಲೇ ಎಂಬುದು ಎರಡು ವಾರದಲ್ಲಿ ತಾನಾಗಿ ಕಾಣುತ್ತದೆ. ಕೊಯ್ಲಿನ ಕಾಲದಲ್ಲಿ ಹುಡುಗರ ಕೈಗೆ ನಗದು ಬರುತ್ತದೆ, ಮನೆಯವರು ಕೆಲಸದ ಗಡಿಬಿಡಿಯಲ್ಲಿರುತ್ತಾರೆ. ನಮ್ಮ ಕಡೆ ಎಷ್ಟೋ ಹುಡುಗರಿಗೆ ಶುರುವಾಗುವುದು ಆಗಲೇ.

ವಸ್ತುವಿಗೆ ತಕ್ಕಂತೆ ಗುರುತುಗಳು ಬೇರೆ.

ಹೊಗೆಸೊಪ್ಪು: ಬಹಳ ಮಕ್ಕಳಲ್ಲಿ ಮೊದಲು ಬರುವುದು ಇದೇ. ಸಿಗರೇಟಿನ ವಾಸನೆ ಸುಲಭವಾಗಿ ಸಿಗುತ್ತದೆ, ಜಗಿಯುವುದು ಸಿಗುವುದಿಲ್ಲ. ಎಲೆಅಡಿಕೆ ಹಾಕುವ ಮನೆಯಲ್ಲಿ ಮಗನ ಬಾಯಿ ಕೆಂಪಾಗಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ. ಮಗುವಿನ ಬಾಯಿ ತೆರೆಸಿ, ಅವನದೇ ಮೂರು ಬೆರಳನ್ನು (ತೋರು, ನಡು, ಉಂಗುರ) ಒಟ್ಟಿಗೆ ಜೋಡಿಸಿ ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ ನೆಟ್ಟಗೆ ಹಿಡಿಯಲು ಹೇಳಿ. ಮೂರೂ ಹೋಗದಿದ್ದರೆ, ಸಾರು ಸ್ವಲ್ಪ ಖಾರವಾದರೂ ಬಾಯಿ ಉರಿ ಅಂದರೆ, ಕೆನ್ನೆಯ ಒಳಭಾಗ ಬೆಳ್ಳಗೆ ಬಿಗಿದಿದ್ದರೆ ದಂತವೈದ್ಯರಿಗೆ ತೋರಿಸಿ. ಬಾಯೊಳಗಿನ ಚರ್ಮ ನಾರಾಗಿ ಬಿಗಿಯುವ ಈ ರೋಗ ಮುಂದೆ ಕ್ಯಾನ್ಸರಿಗೆ ತಿರುಗಬಹುದು. ತಂಬಾಕು ಇಲ್ಲದ ಬರೀ ಅಡಿಕೆಯಿಂದಲೂ ಇದು ಬರುತ್ತದೆ. ಅಡಿಕೆಯಿಂದಲೇ ಬದುಕುವ ಸೀಮೆಯಲ್ಲಿ ಇದನ್ನು ಹೇಳುವುದು ಕಷ್ಟ, ಆದರೆ ಮಕ್ಕಳ ಬಾಯಿಯ ವಿಷಯದಲ್ಲಿ ಮುಚ್ಚಿಡುವುದು ಸರಿಯಲ್ಲ. ಇನ್ನು ಪೆನ್‌ಡ್ರೈವಿನಂತೆ ಕಾಣುವ, ಹಣ್ಣಿನ ಪರಿಮಳ ಬರುವ ವಸ್ತು ಸಿಕ್ಕರೆ ಅದು ಇ-ಸಿಗರೇಟು. ಅದರ ಮಾರಾಟಕ್ಕೆ 2019ರಿಂದ ದೇಶದಾದ್ಯಂತ ನಿಷೇಧವಿದೆ.

ಗಾಂಜಾ: ಹುಡುಗರ ಬಾಯಲ್ಲಿ ‘ಸೊಪ್ಪು’, ‘ಸ್ಟಫ್’, ‘ವೀಡ್’. ಕಣ್ಣು ಕೆಂಪು, ಬಾಯಿ ಒಣಗುವುದು, ಹೊತ್ತಲ್ಲದ ಹೊತ್ತಲ್ಲಿ ವಿಪರೀತ ಹಸಿವು, ಮಾತು ನಿಧಾನ, ಸುಟ್ಟ ಹಸಿಸೊಪ್ಪಿನಂಥ ವಾಸನೆ. ರೋಲಿಂಗ್ ಪೇಪರ್, ಉರುಟಾಗಿ ಸುತ್ತಿದ ಸಣ್ಣ ರಟ್ಟಿನ ಚೂರು, ತಂಬಾಕು ಖಾಲಿ ಮಾಡಿದ ಸಿಗರೇಟು, ಕಣ್ಣಿನ ಡ್ರಾಪ್ಸ್ ಜೊತೆಗಿರುತ್ತವೆ. ಸೇದಿದರೆ ಕೆಲವೇ ನಿಮಿಷದಲ್ಲಿ ಏರಿ ಎರಡು ಮೂರು ಗಂಟೆ ಇರುತ್ತದೆ. ತಿಂದರೆ ಏರಲು ಅರ್ಧದಿಂದ ಒಂದೂವರೆ ಗಂಟೆ ಬೇಕು. ‘ಎಂತದೂ ಆಗ್ಲಿಲ್ಲ’ ಎಂದು ಮತ್ತೊಂದು ತಿಂದು ಆಸ್ಪತ್ರೆ ಸೇರುವುದು ಇದರಿಂದಲೇ. ‘ಗಿಡಮೂಲಿಕೆ, ಏನೂ ಆಗಲ್ಲ’ ಎಂಬ ಮಾತನ್ನು ಹುಡುಗರು ಗಟ್ಟಿಯಾಗಿ ನಂಬಿರುತ್ತಾರೆ. ಆದರೆ ಮನೆತನದಲ್ಲಿ ಯಾರಿಗಾದರೂ ತೀವ್ರ ಮಾನಸಿಕ ಕಾಯಿಲೆ ಇದ್ದರೆ, ಎಳೆವಯಸ್ಸಿನ ಗಾಂಜಾ ಅದೇ ಕಾಯಿಲೆಯನ್ನು ಎಬ್ಬಿಸುವ ಅಪಾಯ ಹೆಚ್ಚು. ಯಾರೋ ಬೆನ್ನು ಹತ್ತಿದ್ದಾರೆ, ಕಿವಿಯಲ್ಲಿ ಮಾತಾಡುತ್ತಾರೆ ಎಂದು ಮಗು ಹೇಳಿದರೆ ಅದೇ ವಾರ ಮನೋವೈದ್ಯರ ಹತ್ತಿರ ಹೋಗಿ.

ಮಾತ್ರೆ: ನೋವಿನ ಮಾತ್ರೆ, ನಿದ್ದೆಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್. ಖಾಲಿ ಸ್ಟ್ರಿಪ್‌ಗಳು, ತೂಕಡಿಕೆ, ಮೈ ತುರಿಕೆ, ಮಲಬದ್ಧತೆ, ಬೆಳಕು ಕಡಿಮೆ ಇದ್ದರೂ ಸಾಸಿವೆಯಷ್ಟೇ ಉಳಿದ ಕಣ್ಣಿನ ಪಾಪೆ. ಇವುಗಳ ಜೊತೆ ಮದ್ಯ ಸೇರಿದರೆ ನಿದ್ದೆಯಲ್ಲೇ ಉಸಿರು ನಿಲ್ಲಬಹುದು. ಸೂಜಿ, ಸಿರಿಂಜ್ ಸಿಕ್ಕರೆ ಎರಡು ವಾರ ಕಾಯಬೇಡಿ, ನೇರ ಹಂತ 6ಕ್ಕೆ ಹೋಗಿ.

ಮೂಸುವ ವಸ್ತು: ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಕಂಡ ಒಂದೇ ಒಂದು ವಸ್ತು ಇದು. ಅಗ್ಗ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಬಟ್ಟೆಗೆ ಪೇಂಟಿನಂಥ ವಾಸನೆ, ಬಾಯಿ ಮೂಗಿನ ಸುತ್ತ ಕಜ್ಜಿ, ಕರವಸ್ತ್ರದಲ್ಲಿ ಬಿಳಿ ಕಲೆ.

ಇಲ್ಲಿ ಆಗುವ ದೊಡ್ಡ ತಪ್ಪು ಮೂತ್ರ ಪರೀಕ್ಷೆಯ ಕಿಟ್ ತಂದು ಗುಟ್ಟಾಗಿ ಪರೀಕ್ಷಿಸುವುದು. ಒಂದೆರಡು ಸಲ ಗಾಂಜಾ ಸೇದಿದವನಲ್ಲಿ ಮೂರು ದಿನ, ದಿನಾ ಸೇದುವವನಲ್ಲಿ ಬಿಟ್ಟು ತಿಂಗಳಾದರೂ ಕಿಟ್ ‘ಪಾಸಿಟಿವ್’ ತೋರಿಸಬಹುದು. ಅಂದರೆ ನಿಜವಾಗಿ ಬಿಟ್ಟವನನ್ನೇ ನೀವು ಸುಳ್ಳುಗಾರ ಮಾಡುತ್ತೀರಿ. ಥಿನ್ನರ್, ಟಾಪೆಂಟಡಾಲ್‌ನಂಥ ನೋವಿನ ಮಾತ್ರೆಗಳು ಸಾಮಾನ್ಯ ಕಿಟ್‌ಗೆ ಸಿಗುವುದೇ ಇಲ್ಲ. ಪರೀಕ್ಷೆ ಬೇಕೋ ಬೇಡವೋ ವೈದ್ಯರು ಹೇಳಲಿ, ಮಗುವಿಗೆ ಗೊತ್ತಿದ್ದೇ ಆಗಲಿ.

ಹಂತ 3: ಕುಡಿತವನ್ನು ಲೆಕ್ಕಕ್ಕೆ ತನ್ನಿ

‘ಬರೀ ಒಂದು ಬಿಯರ್’ ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ. ವೈದ್ಯರು 10 ಗ್ರಾಂ ಶುದ್ಧ ಆಲ್ಕೊಹಾಲನ್ನು ಒಂದು ಅಳತೆ ಎಂದು ಹಿಡಿಯುತ್ತಾರೆ. ಶೇ 42.8ರ ವಿಸ್ಕಿ, ಬ್ರಾಂದಿ, ರಮ್ಮಿನಲ್ಲಿ 30 ಮಿ.ಲೀ. ಅಂದರೆ ಒಂದು ಅಳತೆ. ಹಾಗಾಗಿ 90 ಮಿ.ಲೀ. ಪ್ಯಾಕೆಟ್ ಮೂರು ಅಳತೆ, ಕ್ವಾರ್ಟರ್ ಅಂದರೆ 180 ಮಿ.ಲೀ. ಆರು ಅಳತೆ. ಬಿಯರಿಗೆ ಬನ್ನಿ: 650 ಮಿ.ಲೀ. ಬಾಟಲಿ ಶೇ 5ರದಾದರೆ ಎರಡೂವರೆ ಅಳತೆ, ಶೇ 8ರ ಸ್ಟ್ರಾಂಗ್ ಆದರೆ ನಾಲ್ಕು. 500 ಮಿ.ಲೀ. ಸ್ಟ್ರಾಂಗ್ ಕ್ಯಾನ್ ಮೂರು ಅಳತೆ. ಅಂದರೆ ‘ಬರೀ ಒಂದು ಬಿಯರ್’ ಎಂದು ಸ್ಟ್ರಾಂಗ್ ಬಾಟಲಿ ಕುಡಿದವನ ಹೊಟ್ಟೆ ಸೇರಿದ್ದು 30 ಮಿ.ಲೀ.ಯ ನಾಲ್ಕು ಪೆಗ್‌ನಷ್ಟು.

ಒಬ್ಬ ದೊಡ್ಡ ಮನುಷ್ಯನ ಈಲಿ (ಲಿವರ್) ಕರಗಿಸುವುದು ಗಂಟೆಗೆ ಒಂದು ಅಳತೆಯಷ್ಟು, ಕೆಲವರಲ್ಲಿ ಅದಕ್ಕಿಂತ ಕಡಿಮೆ. ಮಜ್ಜಿಗೆ, ನಿಂಬೆಹಣ್ಣು, ಸ್ಟ್ರಾಂಗ್ ಕಾಫಿ, ತಣ್ಣೀರು ಸ್ನಾನ ಯಾವುದೂ ಅದನ್ನು ಬೇಗ ಮಾಡುವುದಿಲ್ಲ. 50-60 ಕೆ.ಜಿ. ತೂಕದ ಹುಡುಗ ಒಂದು ಸ್ಟ್ರಾಂಗ್ ಬಿಯರ್ ಬೇಗ ಮುಗಿಸಿದರೆ ವಾಹನ ಓಡಿಸುವವರಿಗೆ ಕಾನೂನು ಇಟ್ಟಿರುವ ಮಿತಿ, ಅಂದರೆ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ., ಅದನ್ನು ಎರಡು ಮೂರು ಪಟ್ಟು ದಾಟಿರುತ್ತಾನೆ. ಮಳೆಗಾಲದಲ್ಲಿ ಆಗುಂಬೆ ಘಾಟಿಯ ತಿರುವುಗಳಲ್ಲಿ ಅವನ ಕೈಯಲ್ಲಿ ಬೈಕಿನ ಹ್ಯಾಂಡಲ್ ಇರುತ್ತದೆ ಎಂಬುದನ್ನು ನೆನಪಿಡಿ. ಈ ವಯಸ್ಸಿನಲ್ಲಿ ಕುಡಿತ ಜೀವ ತೆಗೆಯುವುದು ಈಲಿಯ ಮೂಲಕವಲ್ಲ, ರಸ್ತೆಯಲ್ಲಿ, ನೀರಿನಲ್ಲಿ.

ಎಷ್ಟು ಕುಡಿದರೂ ಏರುವುದಿಲ್ಲ ಎಂದು ಹುಡುಗ ಹೆಮ್ಮೆಪಟ್ಟುಕೊಂಡರೆ ಅದು ಗಟ್ಟಿತನವಲ್ಲ. ಮೈಗೆ ಒಗ್ಗಿಹೋಗಿದೆ ಎಂದರ್ಥ, ಹಾಗಾಗಿ ಪ್ರಮಾಣ ಏರುತ್ತಾ ಹೋಗುತ್ತದೆ.

ಹಂತ 4: ಮಾತಿಗೆ ಕೂರುವುದು

ಅವನು ನಶೆಯಲ್ಲಿದ್ದಾಗ ಮಾತು ಬೇಡ. ಅಪ್ಪ ಕುಡಿದು ಬಂದ ರಾತ್ರಿಯಂತೂ ಬೇಡವೇ ಬೇಡ. ನೆಂಟರೆದುರು, ತಂಗಿಯೆದುರು ಬೇಡ. ತೋಟಕ್ಕೆ ಹೋಗುವಾಗ, ಪೇಟೆಗೆ ಗಾಡಿಯಲ್ಲಿ ಹೋಗುವಾಗ, ಮುಖಕ್ಕೆ ಮುಖ ಕೊಡದೆ ಪಕ್ಕಪಕ್ಕದಲ್ಲಿ ಇರುವಾಗ ಈ ವಯಸ್ಸಿನವರು ಹೆಚ್ಚು ಮಾತಾಡುತ್ತಾರೆ. ಶುರು ಹೀಗಿರಲಿ:

‘ಅಪ್ಪಿ, ನಿನ್ ಪ್ಯಾಂಟ್ ಒಗೆಯೋವಾಗ ಇದು ಸಿಕ್ತು. ಬೈಯೋಕೆ ಕರ್ದಿದ್ದಲ್ಲ. ಎಂತದು ಅಂತ ನಿನ್ ಬಾಯಿಂದ್ಲೇ ಕೇಳ್ಬೇಕು ಅಂತ.’

ಆಮೇಲೆ ಬಾಯಿ ಮುಚ್ಚಿಕೊಂಡು ಕಾಯಬೇಕು. ಒಂದು ನಿಮಿಷದ ಮೌನ ತಾಯಿಗೆ ಸಹಿಸಲಾಗದು, ತಕ್ಷಣ ‘ಯಾರು ಕೊಟ್ಟಿದ್ದು? ಆ ಹುಡುಗನ ಸಹವಾಸ ಅಂತ ಆವತ್ತೇ ಹೇಳಿದ್ದೆ’ ಎಂದು ಹೊರಬರುತ್ತದೆ. ಗೆಳೆಯನ ಹೆಸರು ಕೇಳಿದ ಕ್ಷಣ ಮಾತು ನಿಂತಿತು. ಯಾರು ಎಂಬುದು ಕೊನೆಯ ಪ್ರಶ್ನೆ. ‘ನನ್ನ ಮೇಲೆ ಆಣೆ ಮಾಡು’ ಎಂಬುದೂ ಬೇಡ. ಆಣೆ ಮುರಿದ ಮಗು ಮತ್ತೆ ನಿಮ್ಮ ಹತ್ತಿರ ಬರುವುದಿಲ್ಲ.

ಮಾತು ಸಾಗಿದರೆ ಈ ಆರು ವಿಷಯ ಒಂದೊಂದಾಗಿ ತಿಳಿದುಕೊಳ್ಳಿ. 12ರಿಂದ 21ರ ವಯಸ್ಸಿನವರಿಗೆಂದು ಬೋಸ್ಟನ್ನಿನ ಮಕ್ಕಳ ವೈದ್ಯರು ರೂಪಿಸಿದ ‘ಕ್ರಾಫ್ಟ್’ ಎಂಬ ಪ್ರಶ್ನಾವಳಿಯ ತಿರುಳು ಇದು. ನಶೆಯಲ್ಲಿ ಗಾಡಿ ಓಡಿಸಿದ್ದು ಅಥವಾ ಅಂಥವರ ಹಿಂದೆ ಕೂತದ್ದು ಇದೆಯಾ? ಮನಸ್ಸು ಹಗುರವಾಗಲಿ, ನಾಲ್ಕು ಜನರ ಜೊತೆ ಬೆರೆಯುವ ಹಾಗಾಗಲಿ ಎಂದು ತಗೊಂಡದ್ದಿದೆಯಾ? ಒಬ್ಬನೇ ಇದ್ದಾಗ ತಗೊಂಡದ್ದಿದೆಯಾ? ಆ ಹೊತ್ತಲ್ಲಿ ಮಾಡಿದ್ದು ಮರೆತೇಹೋದದ್ದಿದೆಯಾ? ಕಡಿಮೆ ಮಾಡು ಎಂದು ಗೆಳೆಯರೋ ಮನೆಯವರೋ ಹೇಳಿದ್ದಾರಾ? ಅದರಿಂದ ಜಗಳ, ಪೆಟ್ಟು, ಕಾಲೇಜಿನಲ್ಲಿ ತೊಂದರೆ ಆಗಿದೆಯಾ? ಎರಡಕ್ಕೆ ಹೌದು ಎಂದರೂ ವೈದ್ಯರು ನೋಡಬೇಕಾದ ಮಟ್ಟ. ಆರನ್ನೂ ಒಂದೇ ದಿನ ಕೇಳಿ ಮುಗಿಸುವ ಹಟ ಬೇಡ.

ಇವುಗಳ ನಡುವೆ ಒಂದು ಪ್ರಶ್ನೆಯನ್ನು ನಿಜವಾದ ಕುತೂಹಲದಿಂದ ಕೇಳಿ: ‘ತಗೊಂಡಾಗ ಎಂತ ಚಲೋ ಅನ್ಸುತ್ತೆ?’ ಉತ್ತರದಲ್ಲಿ ಅರ್ಧ ಚಿಕಿತ್ಸೆ ಇದೆ. ‘ನಿದ್ದೆ ಬರುತ್ತೆ’ ಅಂದರೆ ನಿದ್ದೆ ಯಾಕೆ ಹೋಗಿದೆ ಎಂದು ಹುಡುಕಬೇಕು. ಹಳ್ಳಿಯ ಕನ್ನಡ ಶಾಲೆಯಿಂದ ಶಿವಮೊಗ್ಗದ ಪಿಯು ಕಾಲೇಜಿಗೆ ಬಂದು ಇಂಗ್ಲಿಷಿನ ಫಿಸಿಕ್ಸ್ ಅರ್ಥವಾಗದೆ, ಮನೆಯಲ್ಲಿ ಹೇಳಲೂ ಆಗದೆ ಕೂತ ಹುಡುಗನಿಗೆ ರೂಮಿನ ಗೆಳೆಯ ಕೊಟ್ಟ ದಮ್ಮು ಆ ರಾತ್ರಿಯನ್ನು ದಾಟಿಸುತ್ತದೆ. ಅವನಿಗೆ ಬೇಕಾದ್ದು ಟ್ಯೂಷನ್, ಇಲ್ಲವೇ ಕಾಂಬಿನೇಷನ್ ಬದಲಾವಣೆ. ಖಿನ್ನತೆ, ಚಿಕ್ಕಂದಿನಿಂದ ಇರುವ ಗಮನಕೊರತೆ, ರ‍್ಯಾಗಿಂಗ್, ಮುರಿದ ಪ್ರೀತಿ, ಮನೆಯಲ್ಲಿ ಅಪ್ಪನ ಕುಡಿತ, ಯಾರೋ ಮೈಮುಟ್ಟಿದ ಹಿಂಸೆ ಇವೆಲ್ಲ ಹೊರಬರುವುದು ಈ ಪ್ರಶ್ನೆಯಿಂದಲೇ. ಮಗಳಾದರೆ ಇನ್ನೊಂದು ಎಚ್ಚರ: ‘ಹೆಣ್ಣುಹುಡುಗಿಯಾಗಿ’ ಎಂದು ಮಾತು ಶುರುವಾದರೆ, ನಶೆಯಲ್ಲಿದ್ದಾಗ ಅವಳ ಮೇಲೆ ಏನಾದರೂ ಆಗಿದ್ದರೂ ಅವಳು ಹೇಳುವುದಿಲ್ಲ.

ಹಂತ 5: ಸಿಕ್ಕ ಉತ್ತರಕ್ಕೆ ತಕ್ಕ ಕ್ರಮ

ಒಂದೆರಡು ಸಲ ರುಚಿ ನೋಡಿದವನು: ಚಿಕಿತ್ಸೆ ಬೇಡ. ನಿಯಮ ಸ್ಪಷ್ಟವಾಗಲಿ, ಬೈಕಿನ ಕೀ ನಿಮ್ಮ ಕೈಗೆ ಬರಲಿ, ಕೈಖರ್ಚು ವಾರಕ್ಕೊಮ್ಮೆ ಲೆಕ್ಕದ ಜೊತೆ ಸಿಗಲಿ. 18 ತುಂಬದವನಿಗೆ ಗಾಡಿ ಕೊಟ್ಟು ಸಿಕ್ಕಿಬಿದ್ದರೆ ತಂದೆಗೇ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಎಂಬುದನ್ನೂ ಅವನಿಗೆ ಹೇಳಿ.

ವಾರವಾರ ತಗೊಳ್ಳುವವನು, ಅಥವಾ ಆರರಲ್ಲಿ ಎರಡು ಹೌದು ಬಂದವನು: ಕೌನ್ಸೆಲಿಂಗ್ ಬೇಕು. ಅಂದರೆ ತರಬೇತಾದವರು ಕೂರಿಸಿಕೊಂಡು, ಉಪದೇಶವಿಲ್ಲದೆ, ಎಲ್ಲಿ ಯಾವಾಗ ಆಸೆ ಬರುತ್ತದೆ, ಆಗ ಏನು ಮಾಡಬಹುದು ಎಂದು ಅವನಿಂದಲೇ ಹೊರತೆಗೆಯುವುದು. ಓದು ಬಿಡಿಸಬೇಡಿ. ಕಾಲೇಜು, ಕಬಡ್ಡಿ, ಗೆಳೆಯರು ಎಲ್ಲ ಒಮ್ಮೆಗೇ ಹೋದರೆ ಉಳಿಯುವುದು ಆ ವಸ್ತು ಮಾತ್ರ.

ದಿನಾ ಬೇಕೇ ಬೇಕು, ಇಲ್ಲದಿದ್ದರೆ ಕೈನಡುಕ, ಬೆವರು, ನಿದ್ದೆಯಿಲ್ಲ ಎನ್ನುವವನು: ಇದನ್ನೇ ಅವಲಂಬನೆ ಎನ್ನುವುದು. ಆಸ್ಪತ್ರೆಯೇ ಗತಿ.

ಯಾವ ಮಟ್ಟದವನೇ ಆಗಲಿ, ಮನೆಯಲ್ಲಿರುವ ಬಾಟಲಿ ಹೊರಗೆ ಹೋಗಬೇಕು. ಹಬ್ಬದ ಬಾಡೂಟದ ದಿನ ಮಾವನೋ ಚಿಕ್ಕಪ್ಪನೋ ‘ಗಂಡ್ಸಲ್ವಾ, ಒಂಚೂರು ಕುಡೀಲಿ’ ಎಂದು ಲೋಟ ಕೊಡುವುದನ್ನು ತಂದೆಯೇ ಎದುರಿಗೆ ನಿಂತು ತಡೆಯಬೇಕು. ಅಪ್ಪನೂ ಕುಡಿಯುವವರಾದರೆ ‘ನಾನೂ ಡಾಕ್ಟರ ಹತ್ರ ಬರ್ತೀನಿ, ಇಬ್ರೂ ಹೋಗೋಣ’ ಎಂಬ ಒಂದು ಮಾತು ಮಗನ ಮೇಲೆ ಮಾಡುವ ಪರಿಣಾಮವನ್ನು ಬೇರೆ ಯಾವುದೂ ಮಾಡದು.

ಹಂತ 6: ವೈದ್ಯರ ಹತ್ತಿರ

ಶಿವಮೊಗ್ಗದಲ್ಲಿ ಮೆಗ್ಗಾನ್ ಬೋಧನಾ ಆಸ್ಪತ್ರೆಯ ಮನೋರೋಗ ವಿಭಾಗದ ಹೊರರೋಗಿ ಚೀಟಿ ಮಾಡಿಸಿದರೆ ಸಾಕು, ಶಿಫಾರಸು ಬೇಕಿಲ್ಲ. ತಾಲ್ಲೂಕು ಆಸ್ಪತ್ರೆಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಗೊತ್ತಾದ ದಿನಗಳಲ್ಲಿ ಬರುತ್ತದೆ. ದಿನ ಯಾವುದೆಂದು ಆಶಾ ಕಾರ್ಯಕರ್ತೆಯಿಂದ ತಿಳಿದು ಹೋಗಿ. ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಆಗುಂಬೆ ಕಡೆಯವರಿಗೆ ಮಣಿಪಾಲ ಹತ್ತಿರ. ಜಟಿಲವಾದ ಪ್ರಕರಣಗಳಿಗೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ.

ನೋಟ್‌ಬುಕ್, ಸಿಕ್ಕ ಮಾತ್ರೆಯ ಸ್ಟ್ರಿಪ್, ಈಗ ತಗೊಳ್ಳುವ ಔಷಧಿಗಳ ಚೀಟಿ ಜೊತೆಗಿರಲಿ. ವೈದ್ಯರು ಮಗುವನ್ನು ಒಂಟಿಯಾಗಿ ಮಾತಾಡಿಸುತ್ತೇವೆ ಎಂದರೆ ಎದ್ದು ಹೊರಗೆ ಹೋಗಿ. ಒಳಗಿನ ಮಾತನ್ನು ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅವರ ಹೊಣೆ. ‘ಕಾಫಿಯಲ್ಲಿ ಹಾಕಿಕೊಡೋ ಮಾತ್ರೆ ಕೊಡಿ’ ಎಂದು ಕೇಳಬೇಡಿ. ಕುಡಿತ ಬಿಡಿಸುವ ಡೈಸಲ್ಫಿರಾಂ ಎಂಬ ಮಾತ್ರೆ ಒಳಗಿರುವಾಗ ಗೊತ್ತಿಲ್ಲದೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ಊರಲ್ಲಿ ಮಾರುವ ಹೆಸರಿಲ್ಲದ ‘ಕುಡಿತ ಬಿಡಿಸುವ ಪುಡಿ’ಯನ್ನೂ ಕೊಡಬೇಡಿ, ಒಳಗೆ ಏನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ.

ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವ ಮಾತು ಬಂದರೆ ಮೊದಲು ಕೇಳಬೇಕಾದ್ದು, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇದೆಯೇ ಎಂದು. 18 ತುಂಬದ ಮಗುವನ್ನು ದಾಖಲಿಸಿದರೆ ದೊಡ್ಡವರಿಂದ ಬೇರೆ ಜಾಗದಲ್ಲಿ ಇಡಬೇಕು, ತಂದೆಯೋ ತಾಯಿಯೋ ಅವರು ನೇಮಿಸಿದ ಸಹಾಯಕರೋ ಮಗು ಅಲ್ಲಿರುವಷ್ಟು ದಿನವೂ ಜೊತೆಗಿರಬೇಕು ಎಂದು ಅದೇ 2017ರ ಕಾಯ್ದೆ ಹೇಳುತ್ತದೆ. ‘ಬಿಟ್ಟು ಹೋಗಿ, ಮೂರು ತಿಂಗಳು ಬರಬೇಡಿ’ ಎನ್ನುವ ಜಾಗದಲ್ಲಿ ಮಗುವನ್ನು ಬಿಡಬೇಡಿ. ಹಳ್ಳಿಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಿಂದ ಎಷ್ಟೋ ಮನೆಯ ಯಜಮಾನರು ಕುಡಿತ ಬಿಟ್ಟಿದ್ದಾರೆ, ಆದರೆ ಅವು ಹದಿನಾರರ ಹುಡುಗನಿಗೆ ಹೇಳಿದ ಜಾಗವಲ್ಲ. ಮೂವತ್ತು ವರ್ಷ ಕುಡಿದವರ ನಡುವೆ ಕೂತು ಅವನು ‘ನಾನೇನೂ ಅಷ್ಟು ಕೆಟ್ಟಿಲ್ಲ’ ಎಂದು ತೀರ್ಮಾನಿಸಿಕೊಂಡು ಬರುತ್ತಾನೆ.

ಹಂತ 7: ಕಾನೂನು, ಚುಟುಕಾಗಿ

ಗಾಂಜಾ ಸೇದುವುದೇ 1985ರ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅಪರಾಧ. 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಅದೇ ಕಾಯ್ದೆಯ 64ಎ ಸೆಕ್ಷನ್, ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ತಾನಾಗಿ ಮುಂದೆ ಬಂದು ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ಸಿಗುತ್ತೇವೆ ಎಂಬ ಹೆದರಿಕೆಯಿಂದ ಚಿಕಿತ್ಸೆ ತಪ್ಪಿಸಬೇಡಿ.

ಮನೆಯಲ್ಲಿ ಸಿಕ್ಕ ಪೊಟ್ಟಣವನ್ನು ಪುರಾವೆ ಎಂದು ಬೀರುವಿನಲ್ಲಿ ಇಟ್ಟುಕೊಳ್ಳಬೇಡಿ, ಅದು ನಿಮ್ಮ ವಶದಲ್ಲಿರುವುದೂ ಅಪರಾಧ. ಪ್ರಮಾಣ ಹೆಚ್ಚಿದ್ದರೆ ಮೊದಲು ವಕೀಲರನ್ನು ಕೇಳಿ. ದುಡ್ಡಿಲ್ಲದಿದ್ದರೆ ಉಚಿತ ಕಾನೂನು ನೆರವಿಗೆ 15100. ಮಗನಿಗೆ ಒಂದು ವಿಷಯ ಬಿಡಿಸಿ ಹೇಳಿ: ‘ಈ ಬ್ಯಾಗ್ ಬಸ್ ಸ್ಟ್ಯಾಂಡಲ್ಲಿ ಒಬ್ರಿಗೆ ಕೊಟ್ಟುಬಿಡು’ ಎನ್ನುವ ಅಣ್ಣನ ಕೆಲಸ ಮಾಡಿದರೆ ಸೇದಿದ್ದಕ್ಕಿಂತ ಬಹಳ ದೊಡ್ಡ ಮೊಕದ್ದಮೆ ಬೀಳುತ್ತದೆ. ಗಾಂಜಾ 20 ಕೆ.ಜಿ. ದಾಟಿದರೆ ಕನಿಷ್ಠವೇ 10 ವರ್ಷ. 16 ತುಂಬಿದವನನ್ನು ಅಂಥ ಪ್ರಕರಣದಲ್ಲಿ ದೊಡ್ಡವನಂತೆ ವಿಚಾರಣೆ ಮಾಡಲೂ ಅವಕಾಶವಿದೆ.

ಮಕ್ಕಳಿಗೆ ಮಾರುವವರ ಮೇಲೂ ಕಾನೂನಿದೆ. ವೈದ್ಯರ ಚೀಟಿಯಿಲ್ಲದೆ 18 ತುಂಬದವರಿಗೆ ಮದ್ಯ, ತಂಬಾಕು, ಮಾದಕ ವಸ್ತು ಕೊಟ್ಟರೆ ಬಾಲನ್ಯಾಯ ಕಾಯ್ದೆ 2015ರ 77ನೇ ಸೆಕ್ಷನ್‌ನಡಿ 7 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಕರ್ನಾಟಕದ ಅಬಕಾರಿ ನಿಯಮದಂತೆ 21ರೊಳಗಿನವರಿಗೆ ಮದ್ಯ ಮಾರುವ ಹಾಗಿಲ್ಲ, 2025ರಿಂದ ತಂಬಾಕಿಗೂ ಅದೇ ವಯಸ್ಸು. ಶಾಲೆ ಕಾಲೇಜಿನ 100 ಮೀಟರಿನೊಳಗೆ ತಂಬಾಕು ಮಾರುವಂತಿಲ್ಲ. ನಿಮ್ಮ ಊರಿನ ಗೂಡಂಗಡಿಯಲ್ಲಿ ಮಕ್ಕಳಿಗೆ ಪ್ಯಾಕೆಟ್ ಸಿಗುತ್ತಿದ್ದರೆ ಒಬ್ಬರೇ ಜಗಳಕ್ಕೆ ಹೋಗಬೇಡಿ. ನಾಲ್ಕಾರು ತಂದೆತಾಯಂದಿರು ಸೇರಿ ಅಬಕಾರಿ ಇಲಾಖೆಗೆ, ಪಂಚಾಯಿತಿಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಮಾರುವುದು ಕಣ್ಣೆದುರೇ ನಡೆಯುತ್ತಿದ್ದರೆ 112.

ಹಂತ 8: ಬಿಟ್ಟ ಮೇಲಿನ ದಿನಗಳು

ದಿನಾ ಗಾಂಜಾ ಸೇದುತ್ತಿದ್ದವನು ಬಿಟ್ಟ ಮೊದಲ ವಾರ ಸಿಡುಕುತ್ತಾನೆ, ಊಟ ಸೇರುವುದಿಲ್ಲ, ನಿದ್ದೆಯಿಲ್ಲ, ಕೆಟ್ಟ ಕನಸು. ಇದು ಎರಡು ವಾರದವರೆಗೂ ಇರಬಹುದು. ‘ಮತ್ತೆ ಶುರು ಮಾಡಿದ್ದಾನೆ’ ಎಂದು ಮನೆಯವರು ಅನುಮಾನಪಡುವುದು ಸರಿಯಾಗಿ ಈ ದಿನಗಳಲ್ಲೇ. ನಿಜದಲ್ಲಿ ಅದು ಬಿಟ್ಟಿರುವ ಲಕ್ಷಣ. ಹೊತ್ತಿಗೆ ಸರಿಯಾಗಿ ಊಟ, ಮೈ ದಣಿಯುವ ಕೆಲಸ, ರಾತ್ರಿ ಫೋನ್ ಹೊರಗೆ, ಇಷ್ಟು ಇರಲಿ.

ಮತ್ತೆ ಒಮ್ಮೆ ಜಾರುವುದು ಸಾಮಾನ್ಯ. ಜಾರಿದ ದಿನ ನೋಟ್‌ಬುಕ್ ತೆಗೆದು ಅವನ ಜೊತೆಗೇ ಕೂತು ಬರೆಯಿರಿ: ಎಲ್ಲಿದ್ದ, ಯಾರ ಜೊತೆ, ಜೇಬಲ್ಲಿ ಎಷ್ಟಿತ್ತು, ಅದಕ್ಕೆ ಮುಂಚೆ ಮನಸ್ಸಿನಲ್ಲಿ ಏನಿತ್ತು. ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಇದನ್ನೇ ತೋರಿಸಿ. ನೋವಿನ ಮಾತ್ರೆ, ಇಂಜೆಕ್ಷನ್ ಬಿಟ್ಟವನಿಗೆ ಒಂದು ಎಚ್ಚರಿಕೆ ಹೇಳಲೇಬೇಕು: ಬಿಟ್ಟು ಕೆಲವು ವಾರವಾದ ಮೇಲೆ ಮೊದಲಿನಷ್ಟೇ ತಗೊಂಡರೆ ಮೈ ತಾಳುವುದಿಲ್ಲ, ಉಸಿರು ನಿಲ್ಲುತ್ತದೆ.

ಜಾತ್ರೆ, ಗಣಪತಿ ವಿಸರ್ಜನೆ, ಹೊಸವರ್ಷದ ಹಿಂದಿನ ರಾತ್ರಿ, ಜೋಗದ ಕಡೆಯ ಹೋಮ್‌ಸ್ಟೇ ಪ್ರವಾಸ, ಪರೀಕ್ಷೆ ಮುಗಿದ ಸಂಜೆ: ಆಸೆ ಕೆರಳುವ ಈ ದಿನಗಳನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿ, ಅವತ್ತು ಎಲ್ಲಿರುತ್ತಾನೆ ಎಂದು ಮಾತಾಡಿಕೊಳ್ಳಿ. ಇದರ ಜೊತೆ ಒಂದು ಒಪ್ಪಂದ: ‘ಎಷ್ಟು ಹೊತ್ತಾಗಿದ್ರೂ ಫೋನ್ ಮಾಡು. ಬಂದು ಕರ್ಕೊಂಡು ಬರ್ತೀನಿ. ಆವತ್ತು ಒಂದು ಮಾತೂ ಕೇಳಲ್ಲ.’ ಫೋನ್ ಬಂದ ರಾತ್ರಿ ಹೋಗಿ ಕರೆದುಕೊಂಡು ಬನ್ನಿ. ದಾರಿಯಲ್ಲಿ ಕೇಳಬೇಡಿ, ಮಾರನೇ ದಿನ ಮಧ್ಯಾಹ್ನ ಊಟವಾದ ಮೇಲೆ ಕೇಳಿ.